ಕೇಳುವವರ ಗುಡ್ಡ

ರ‍್ಯಾಪಿಡ್ ಸಿಟಿಯ ವಿಮಾನ ನಿಲ್ದಾಣದ ಬಾಗಿಲು ದಾಟಿದ್ದೇ ತಡ, ಮೂಗಿನೊಳಗಿನ ಕೂದಲು ಸೂಜಿಯ ಹಾಗೆ ನಿಮಿರಿ ನಿಂತಿತು. ‘ಮೇಷ್ಟ್ರೇ, ಬಾಯಿ ತೆರೀಬೇಡಿ, ಮೂಗಲ್ಲೇ ಉಸಿರಾಡಿ’ ಎನ್ನುತ್ತ ಕಾರಿನ ಬಾಗಿಲು ಹಿಡಿದು ನಿಂತಿದ್ದವನು ನನ್ನ ಹಳೆಯ ಶಿಷ್ಯ. ಸಾಗರದ ಕಾಲೇಜಿನಲ್ಲಿ ಅವನಿಗೆ ನಾನು ಗಣಿತ ಹೇಳಿಕೊಟ್ಟಿದ್ದೆ. ಅಮೆರಿಕಕ್ಕೆ ಹೋದವನು ಎಲ್ಲರ ಹಾಗೆ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಮುಂದೆ ಕೂರಲಿಲ್ಲ. ದಕ್ಷಿಣ ಡಕೋಟದ ಲಕೋಟ ಜನರ ಮೀಸಲು ಪ್ರದೇಶದಲ್ಲಿ, ಅವರದೇ ಒಂದು ಕಾಲೇಜಿನಲ್ಲಿ ಗಣಿತದ ಮೇಷ್ಟರಾಗಿ ಉಳಿದುಬಿಟ್ಟ. ಅದು 2020ರ ಫೆಬ್ರುವರಿ. ಶಿಕಾಗೊದ ಮಗಳ ಮನೆಯಲ್ಲಿ ಮೂರು ವಾರ ಹೀಟರಿನ ಎದುರು ಕೂತು ನನಗೆ ಸಾಕಾಗಿತ್ತು. ‘ಇದಕ್ಕಿಂತ ಚಳಿಯಿರೋ ಊರಿಗೆ ಯಾರಾದ್ರೂ ಹೋಗ್ತಾರಾ ಅಪ್ಪಾ?’ ಎಂದು ಮಗಳು ಬೈದರೂ ಕೇಳದೆ ವಿಮಾನ ಹತ್ತಿದ್ದೆ.

ದಾರಿಯಲ್ಲಿ ಬ್ಯಾಡ್‌ಲ್ಯಾಂಡ್ಸ್ ಸಿಕ್ಕಿತು. ಹೆಸರಿಗೆ ತಕ್ಕ ನೆಲ. ಮಳೆ ಗಾಳಿಗಳು ಕೊರೆದು ಬಿಟ್ಟ ಮಣ್ಣಿನ ಗೋಪುರಗಳು, ಅವುಗಳ ಮೈಮೇಲೆ ಕೆಂಪು, ಬೂದು, ಹಳದಿಯ ಪಟ್ಟೆ, ಪಟ್ಟೆಗಳ ನಡುವೆ ಹಿಮ. ಅದನ್ನು ದಾಟಿದರೆ ಹುಲ್ಲುಗಾವಲು. ಮಲೆನಾಡಿನವನ ಕಣ್ಣಿಗೆ ಹತ್ತು ಮಾರಿಗೊಂದು ಮರ ಅಡ್ಡ ಬಂದು ಅಭ್ಯಾಸ. ಇಲ್ಲಿ ನೋಟಕ್ಕೆ ತಡೆಯೇ ಇಲ್ಲ. ಆಕಾಶ ಎಲ್ಲಿ ಮುಗಿಯಿತು, ಹಿಮ ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಬಿಳುಪಿನಲ್ಲಿ ಒಂದೆಡೆ ಕಾಡೆಮ್ಮೆಗಳ ಹಿಂಡು ತಲೆಯಿಂದ ಹಿಮ ಸರಿಸಿ ಹುಲ್ಲು ಮೇಯುತ್ತಿತ್ತು. ‘ನಮ್ಮ ಕಾಲೇಜಿಗೆ ಇನ್ನೂ ಒಂದೂವರೆ ಗಂಟೆ’ ಎಂದ ಶಿಷ್ಯ. ‘ನಾಡಿದ್ದು ಇದೇ ದಾರಿಯಲ್ಲಿ ವಾಪಸು ಬಂದು ವಾಷಿಂಗ್ಟನ್ ವಿಮಾನ ಹತ್ತಬೇಕು. ನೀವೂ ಬರ್ತೀರಿ. ಹುಡುಗರನ್ನ ಗುಡ್ಡಕ್ಕೆ ಕರ್ಕೊಂಡು ಹೋಗ್ತಿದೀವಿ.’

ಗುಡ್ಡ ಎಂದರೆ ಕ್ಯಾಪಿಟಲ್ ಹಿಲ್. ಅಮೆರಿಕದ ಸಂಸತ್ತು ಕೂತಿರುವ ದಿಬ್ಬ. ಆ ಸಂಸತ್ತಿಗೆ ಅವರು ಕಾಂಗ್ರೆಸ್ ಎನ್ನುತ್ತಾರೆ. ಒಂದು ಪಕ್ಷಕ್ಕೂ ಒಂದು ಕಳೆಗಿಡಕ್ಕೂ ಬೇಕರಿಯ ಖಾರದ ಕಡಲೆಬೀಜಕ್ಕೂ ಇದೇ ಹೆಸರಿಟ್ಟುಕೊಂಡಿರುವ ನಮಗೆ ಇನ್ನೊಂದು ಅರ್ಥ ಸೇರಿದರೆ ಭಾರವೇನಲ್ಲ.

ಬುಡಕಟ್ಟುಗಳೇ ಸನದು ಕೊಟ್ಟು ನಡೆಸುವ ಇಂಥ ಕಾಲೇಜುಗಳು ಅಮೆರಿಕದಲ್ಲಿ ಮೂವತ್ತೈದರ ಆಸುಪಾಸು ಇವೆ. ಮೊದಲನೆಯದು 1968ರಲ್ಲಿ ಅರಿಜೋನದ ನವಾಹೊ ಜನರು ತೆರೆದದ್ದು, ಈಗ ಅದರ ಹೆಸರು ಡಿನೆ ಕಾಲೇಜು. ಮೂರು ವರ್ಷ ಕಳೆಯುವಷ್ಟರಲ್ಲಿ ಲಕೋಟರ ನಾಡಿನಲ್ಲಿ ಸಿಂಟೆ ಗ್ಲೆಸ್ಕ, ಓಗ್ಲಾಲ ಲಕೋಟ ಕಾಲೇಜುಗಳು ಹುಟ್ಟಿದವು. ಸಿಂಟೆ ಗ್ಲೆಸ್ಕ ಎಂಬುದು ಒಬ್ಬ ನಾಯಕನ ಹೆಸರು, ಚುಕ್ಕೆಬಾಲ ಎಂದರ್ಥ. ಬುಡಕಟ್ಟಿನ ಮಕ್ಕಳ ಕೂದಲು ಕತ್ತರಿಸಿ, ಅವರ ಮಾತು ಬಿಡಿಸಿ ‘ನಾಗರಿಕ’ರನ್ನಾಗಿಸಲು 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ವಸತಿಶಾಲೆ ತೆರೆದಾಗ ಅವನೂ ತನ್ನ ಮಕ್ಕಳನ್ನು ಕಳಿಸಿದ್ದ. ಮರುವರ್ಷ ನೋಡಲು ಹೋದವನು, ಕಂಡದ್ದು ಸಹಿಸಲಾಗದೆ, ಮಕ್ಕಳನ್ನು ಕರೆದುಕೊಂಡೇ ಊರಿಗೆ ಮರಳಿದ. ಶಾಲೆ ಬಿಡಿಸಿದವನ ಹೆಸರನ್ನು ಕಾಲೇಜಿಗೆ ಇಟ್ಟವರು ಜಗತ್ತಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ?

ನಾನು ಹೋದ ಕಾಲೇಜಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಬೇಡ ಎಂದಿದ್ದಾರೆ. ತಗ್ಗು ಛಾವಣಿಯ ನಾಲ್ಕಾರು ಕಟ್ಟಡ, ಮಧ್ಯದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬಣ್ಣ ಬಳಿದ ವೃತ್ತಾಕಾರದ ಹಜಾರ. ಕಾಫಿ ನೀರಿನಂತೆ ತೆಳು. ಹಜಾರದಲ್ಲಿ ಒಂದು ಮೇಜು, ಆಚೆಗೊಂದು ಈಚೆಗೆ ನಾಲ್ಕು ಕುರ್ಚಿ. ಆಚೆಯ ಕುರ್ಚಿಯಲ್ಲಿ ನನ್ನ ಶಿಷ್ಯ, ಕುತ್ತಿಗೆಗೆ ಎಲ್ಲಿಂದಲೋ ತಂದ ಟೈ, ಕೈಯಲ್ಲಿ ಫೋನು. ಈಚೆ ನರ್ಸಿಂಗ್ ಓದುವ ಒಬ್ಬ ಹುಡುಗಿ, ಕಾಡೆಮ್ಮೆ ಸಾಕಣೆ ಓದುವ ಒಬ್ಬ ಹುಡುಗ, ಕಾಲೇಜಿನ ಆಡಳಿತ ಮಂಡಲಿಯ ಒಬ್ಬ ಅಜ್ಜಿ. ಅಜ್ಜಿಗೆ ಲಕೋಟದಲ್ಲಿ ‘ಉಂಚಿ’ ಎನ್ನುತ್ತಾರೆ. ಎಲ್ಲರೂ ಹಾಗೇ ಕರೆಯುತ್ತಿದ್ದರು, ಎರಡನೇ ದಿನದಿಂದ ನಾನೂ ಹಾಗೇ ಕರೆದೆ.

ನಡೆಯುತ್ತಿದ್ದದ್ದು ತಾಲೀಮು. ಶಿಷ್ಯ ಸಂಸದರ ಕಚೇರಿಯ ಸಹಾಯಕನ ಪಾತ್ರ ಹಾಕಿದ್ದ. ಅಲ್ಲಿ ಸಂಸದರೇ ಸಿಗುವುದು ಅಪರೂಪವಂತೆ. ಸಿಗುವವರು ಇಪ್ಪತ್ತೈದರ ಹರೆಯದ ಸಹಾಯಕರು. ಒಬ್ಬೊಬ್ಬರ ಹೆಗಲಿಗೂ ಕೃಷಿ, ಶಿಕ್ಷಣ, ಬುಡಕಟ್ಟು, ರೈಲ್ವೆ ಎಂದು ಆರೇಳು ವಿಷಯ. ಸಿಗುವ ಹೊತ್ತು ಹದಿನೈದು ನಿಮಿಷ, ಅದರಲ್ಲಿ ಐದು ನಿಮಿಷ ಕುರ್ಚಿ ಹುಡುಕುವುದಕ್ಕೆ.

ಹುಡುಗಿ ಶುರು ಮಾಡಿದಳು. ತನ್ನ ಲಕೋಟ ಹೆಸರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ತಂದೆಯ ಕಡೆಯವರು, ಯಾವ ‘ತಿಯೋಷ್ಪಾಯೆ’, ಯಾವ ಹೊಳೆಯ ದಂಡೆಯವರು. ತಿಯೋಷ್ಪಾಯೆ ಎಂದರೆ ಕುಟುಂಬಗಳ ಬಳಗ. ನಮ್ಮೂರಲ್ಲಿ ಹೊಸಬ ಕಂಡರೆ ‘ಯಾರ ಪೈಕಿ?’ ಎಂದು ಕೇಳುತ್ತೇವಲ್ಲ, ಅದಕ್ಕೆ ಕೇಳುವ ಮೊದಲೇ ಕೊಡುವ ಉತ್ತರ. ಕೇಳಲು ಹಿತವಾಗಿತ್ತು. ಶಿಷ್ಯ ಫೋನಿನಿಂದ ತಲೆಯೆತ್ತಿ, ‘ಮೂರು ನಿಮಿಷ ಆಯ್ತು. ನಾನಿನ್ನೂ ನೀವು ಯಾಕೆ ಬಂದಿದ್ದೀರಿ ಅಂತ ಕೇಳಿಲ್ಲ’ ಎಂದ. ಹುಡುಗಿಯ ಕಿವಿ ಕೆಂಪಾಯಿತು.

ಇಲ್ಲಿ ತರಬೇತಿಯ ಕಷ್ಟ ನನಗೆ ಅರ್ಥವಾಯಿತು. ಅವರ ಮನೆಗಳಲ್ಲಿ ಕಲಿಸಿದ್ದು ಇದು: ಹಿರಿಯರ ಕಣ್ಣನ್ನು ದಿಟ್ಟಿಸಬೇಡ, ನಿನ್ನ ಬಗ್ಗೆ ನೀನೇ ಹೇಳಿಕೊಳ್ಳಬೇಡ, ಯಾರಾದರೂ ಮಾತು ಮುಗಿಸಿದರೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಬಾಯಿ ತೆರೆ. ವಾಷಿಂಗ್ಟನ್ನಿನಲ್ಲಿ ಬೇಕಾದದ್ದು ಸರಿಯಾಗಿ ಇದರ ತಿರುಗುಮುರುಗು. ಕಣ್ಣಲ್ಲಿ ಕಣ್ಣಿಡು, ನಿನ್ನ ಕಥೆಯನ್ನೇ ಹೇಳು, ಎದುರಿನವರು ಉಸಿರು ತೆಗೆಯುವಾಗ ನಿನ್ನ ಮಾತು ತೂರಿಸು. ಕಾಲೇಜುಗಳ ಒಕ್ಕೂಟದ ಕಡೆಯಿಂದ ಬಂದಿದ್ದ ತರಬೇತುಗಾರ್ತಿ ಬೇರೊಂದು ಬುಡಕಟ್ಟಿನವಳು, ಚುರುಕು. ‘ಬಳಗದ ಹೆಸರು ಕೈಬಿಡಬೇಡ. ವಿಶೇಷಣಗಳನ್ನ ಕೈಬಿಡು’ ಎಂದಳು ಹುಡುಗಿಗೆ. ‘ಅಜ್ಜಿ ಹೆಸರು, ಊರ ಹೆಸರು, ಏನು ಓದ್ತೀಯ. ನಾಲ್ಕನೇ ವಾಕ್ಯದಲ್ಲಿ ನಿನಗೆ ಬೇಕಾದ್ದು ಬರಬೇಕು. ಅದಕ್ಕೊಂದು ಅಂಕಿ ಇರಬೇಕು.’

ಆ ಅಂಕಿಯ ಹಿನ್ನೆಲೆಯನ್ನು ಶಿಷ್ಯ ರಾತ್ರಿ ಊಟದ ಹೊತ್ತಿಗೆ ವಿವರಿಸಿದ. ಗಣಿತದವನಲ್ಲವೇ, ಉಪ್ಪಿನಕಾಯಿ ಜಾಡಿ ಸರಿಸಿ ಕರವಸ್ತ್ರದ ಕಾಗದದ ಮೇಲೆ ಬರೆದ. ಈ ಕಾಲೇಜುಗಳ ನಿತ್ಯದ ಖರ್ಚಿಗೆ ಒಕ್ಕೂಟ ಸರ್ಕಾರ ಹಣ ಕೊಡುವುದು 1978ರ ಒಂದು ಕಾನೂನಿನಂತೆ. ತಲೆಗೆ 8,000 ಡಾಲರ್ ತನಕ ಕೊಡಬಹುದು ಎಂದು ಆ ಕಾನೂನಿನಲ್ಲಿದೆ. ‘ಕೊಡಬಹುದು’ ಎನ್ನುವುದಕ್ಕೂ ‘ಕೊಟ್ಟರು’ ಎನ್ನುವುದಕ್ಕೂ ನಡುವೆ ಪ್ರತಿ ವರ್ಷ ಸಂಸತ್ತಿನ ಹಣ ಮಂಜೂರಿ ಸಮಿತಿ ಇದೆ. ನಾನು ಹೋದ ವರ್ಷದವರೆಗೂ ಮಂಜೂರಾದದ್ದು ಆ ಅಂಕಿಯ ಕೆಳಗೇ ಇತ್ತು. ಇನ್ನೊಂದು ತಿರುವು: ತಲೆ ಎಣಿಸುವಾಗ ‘ಇಂಡಿಯನ್’ ವಿದ್ಯಾರ್ಥಿಗಳನ್ನು ಮಾತ್ರ ಎಣಿಸಬೇಕು. ಸರ್ಕಾರ ಮಾನ್ಯಮಾಡಿದ ಬುಡಕಟ್ಟಿನ ಸದಸ್ಯರು ಅಥವಾ ಅವರ ಹೊಟ್ಟೆಯಲ್ಲಿ ಹುಟ್ಟಿದವರು. ಪಕ್ಕದ ಬಿಳಿಯ ರೈತನ ಮಗಳು ಬಂದು ಓದಿದರೆ ಅವಳನ್ನು ಕಾಲೇಜು ಬೇಡ ಎನ್ನುವುದಿಲ್ಲ, ಆದರೆ ಅವಳ ಹೆಸರಿನಲ್ಲಿ ಆ ಲೆಕ್ಕದಿಂದ ಒಂದು ಬಿಡಿಗಾಸೂ ಬರುವುದಿಲ್ಲ.

‘ಹೋದ ವರ್ಷ ನಾನೂ ಸಂಜೆ ಕ್ಲಾಸಿಗೆ ಸೇರಿ ಲಕೋಟ ಭಾಷೆ ಕಲಿತೆ’ ಎಂದಳು ಸಾರು ಬಡಿಸುತ್ತಿದ್ದ ಶಿಷ್ಯನ ಹೆಂಡತಿ, ತೀರ್ಥಹಳ್ಳಿಯವಳು. ‘ನನ್ನ ಪಾಸ್‌ಪೋರ್ಟು ಇಂಡಿಯನ್, ನನ್ನ ಅಪ್ಪ ಅಮ್ಮ ಇಂಡಿಯನ್, ನಾನು ಮಾಡಿದ ಸಾರೂ ಇಂಡಿಯನ್. ಆದ್ರೂ ಲೆಕ್ಕಕ್ಕಿಲ್ಲ ಮೇಷ್ಟ್ರೇ!’

ಮರುದಿನದ ತಾಲೀಮಿನಲ್ಲಿ ಕಷ್ಟದ ಪ್ರಶ್ನೆಗಳ ಸರದಿ. ತರಬೇತುಗಾರ್ತಿ ತಾನೇ ಆಚೆಯ ಕುರ್ಚಿಗೆ ಹೋಗಿ ಕೂತಳು. ‘ಸರ್ಕಾರ ನಿಮಗೆ ಯಾಕೆ ಕೊಡಬೇಕು?’ ಹುಡುಗ ಬಡತನದ ಮಾತೆತ್ತಿದ. ‘ಬೇಡ. ಬಡವರು ಈ ದೇಶದಲ್ಲಿ ಬೇಕಾದಷ್ಟಿದ್ದಾರೆ. ನಿನ್ನನ್ನ ಆ ಸಾಲಿನ ಕೊನೆಗೆ ನಿಲ್ಲಿಸ್ತಾರೆ. ಇನ್ನೊಂದ್ಸಲ.’ ಹುಡುಗ ಒಪ್ಪಂದದ ಮಾತೆತ್ತಿದ. 1868ರ ಫೋರ್ಟ್ ಲಾರಮಿ ಒಪ್ಪಂದದ ಏಳನೇ ಕಲಮು: ಶಾಲೆಗೆ ಬರುವ ಪ್ರತಿ ಮೂವತ್ತು ಮಕ್ಕಳಿಗೆ ಒಂದು ಕಟ್ಟಡ, ಒಬ್ಬ ಶಿಕ್ಷಕ. ನೆಲ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಬರೆದುಕೊಟ್ಟ ಮಾತು. ತರಬೇತುಗಾರ್ತಿ ಹುಬ್ಬೇರಿಸಿದಳು: ‘ಅದರಲ್ಲಿ ಇಪ್ಪತ್ತು ವರ್ಷ ಅಂತ ಇದೆಯಲ್ಲ? ಯಾವತ್ತೋ ಮುಗೀತು.’ ಹುಡುಗ ತಬ್ಬಿಬ್ಬಾದ. ಮೂಲೆಯಲ್ಲಿ ಮಣಿ ಪೋಣಿಸುತ್ತ ಕೂತಿದ್ದ ಉಂಚಿ ತಲೆ ಎತ್ತದೆ, ‘ಇಪ್ಪತ್ತಕ್ಕೆ ಕಡಿಮೆಯಿಲ್ಲದಂತೆ ಅಂತ ಇದೆ. ಓದಿ’ ಎಂದರು.

ಆಮೇಲೆ ಬಂತು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ‘ನಿಮ್ಮ ಹೆಸರಲ್ಲಿ ಖಜಾನೆಯಲ್ಲಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಕೊಳೀತಿದೆ. ಅದನ್ನ ಮುಟ್ಟಲ್ಲ ಅಂತೀರಿ. ಇಲ್ಲಿಗೆ ಬಂದು ಕಾಲೇಜಿಗೆ ದುಡ್ಡು ಕೊಡಿ ಅಂತೀರಿ. ಏನಿದು?’

ಇದು ಇನ್ನೊಂದು ಗುಡ್ಡದ ಕಥೆ. ಬ್ಲ್ಯಾಕ್ ಹಿಲ್ಸ್, ಲಕೋಟರ ಪಾಲಿಗೆ ಪವಿತ್ರ ನೆಲ. 1868ರ ಒಪ್ಪಂದ ಆ ಬೆಟ್ಟಗಳನ್ನು ಅವರಿಗೇ ಬಿಟ್ಟಿತ್ತು. ಚಿನ್ನ ಸಿಕ್ಕಿತು. 1877ರಲ್ಲಿ ಸಂಸತ್ತು ಕಾನೂನು ಮಾಡಿ ಕಿತ್ತುಕೊಂಡಿತು. ನೂರಮೂರು ವರ್ಷದ ನಂತರ, 1980ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಇದು ತಪ್ಪು, ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಮಿಕ್ಕ ಮೊತ್ತ. ಬುಡಕಟ್ಟುಗಳು ಮುಟ್ಟಲಿಲ್ಲ. ಹಣ ಬೇಡ, ಬೆಟ್ಟ ಕೊಡಿ ಎಂದರು. ಅಂದಿನಿಂದ ಆ ಹಣ ಬೆಳೆಯುತ್ತಲೇ ಇದೆ. ನೂರು ಕೋಟಿ ದಾಟಿ ವರ್ಷಗಳಾದವು. ಅಮೆರಿಕದ ಅತಿ ಬಡ ಜಿಲ್ಲೆಗಳ ಪಟ್ಟಿಯಲ್ಲಿ ಇವರ ಮೀಸಲು ಪ್ರದೇಶಗಳು ಮೇಲೆಯೇ ಇರುತ್ತವೆ. ಆದರೂ ಮುಟ್ಟಿಲ್ಲ.

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಉಂಚಿ ಮಣಿ ಪೋಣಿಸುವುದನ್ನು ನಿಲ್ಲಿಸಿದರು. ‘ಅದು ನಾವು ಮಾರದ ನೆಲದ ಬೆಲೆ. ತಗೊಂಡ್ರೆ ಮಾರಿದ ಹಾಗೆ. ಇದು ಅವರು ಬರೆದುಕೊಟ್ಟ ಮಾತಿನ ಬಾಕಿ. ತಗೊಳ್ಳದಿದ್ರೆ ಮನ್ನಾ ಮಾಡಿದ ಹಾಗೆ’ ಎಂದರು. ತರಬೇತುಗಾರ್ತಿ ಇದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನಾನೂ ಬರೆದುಕೊಂಡೆ.

ಹೊರಡುವ ಹಿಂದಿನ ದಿನ ಇನ್ನೊಂದು ತಕರಾರು. ಲಕೋಟರಲ್ಲಿ ಗೌರವಿಸಬೇಕಾದವರ ಹೆಗಲಿಗೆ ನಕ್ಷತ್ರದ ಚಿತ್ತಾರದ ಕೌದಿ ಹೊದಿಸುವ ಪದ್ಧತಿ. ನಾವು ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದ ಹಾಗೆ. ಹಿಂದಿನ ಡಿಸೆಂಬರಿನಲ್ಲಿ ತಾನೇ ಅವರಿಗೊಂದು ಕಾನೂನು ದಕ್ಕಿತ್ತು: ಅಲ್ಪಸಂಖ್ಯಾತ ಸಮುದಾಯಗಳ ಕಾಲೇಜುಗಳಿಗೆ ವರ್ಷಕ್ಕೆ ಕೊಡುವ 25.5 ಕೋಟಿ ಡಾಲರು ಸೆಪ್ಟೆಂಬರಿನಲ್ಲಿ ನಿಂತುಹೋಗಿದ್ದನ್ನು ಮತ್ತೆ ಶುರು ಮಾಡಿ ಶಾಶ್ವತಗೊಳಿಸಿದ ‘ಫ್ಯೂಚರ್’ ಕಾನೂನು. ಅದರಲ್ಲಿ ಬುಡಕಟ್ಟು ಕಾಲೇಜುಗಳ ಪಾಲು ಮೂರು ಕೋಟಿ. ಅದಕ್ಕೆ ದುಡಿದ ಸಂಸದರಿಗೆ ಕೌದಿ ಹೊದಿಸಬೇಕು ಎಂದು ಉಂಚಿಯ ಆಸೆ. ತರಬೇತುಗಾರ್ತಿ ತಲೆಯಾಡಿಸಿದಳು. ಸಂಸದರೂ ಅವರ ಸಿಬ್ಬಂದಿಯೂ ಸಾಮಾನ್ಯವಾಗಿ ಐವತ್ತು ಡಾಲರು ಮುಟ್ಟುವ ಉಡುಗೊರೆಯನ್ನು ತೆಗೆದುಕೊಳ್ಳುವ ಹಾಗಿಲ್ಲ. ಕೈಯಲ್ಲಿ ಹೊಲಿದ ಕೌದಿಯ ಬೆಲೆ ಅದರ ಹತ್ತು ಪಟ್ಟು. ಹಾಗೆಯೇ, ಸರ್ಕಾರದ ಅನುದಾನದಲ್ಲಿ ಒಂದು ಪೈಸೆಯನ್ನೂ ಸಂಸದರ ಮನವೊಲಿಸುವ ಕೆಲಸಕ್ಕೆ ಮುಟ್ಟಬಾರದು. ವಿಮಾನದ ಟಿಕೆಟ್ಟು ಬೇರೆ ಹಣದಿಂದಲೇ ಆಗಬೇಕು. ಹಾರ, ಶಾಲು, ಹಣ್ಣಿನ ಬುಟ್ಟಿಯಿಲ್ಲದೆ ವಿಧಾನಸೌಧದ ಮೆಟ್ಟಿಲು ಹತ್ತಿದವರನ್ನೇ ಕಾಣದ ನನಗೆ ಇದು ಬ್ಯಾಡ್‌ಲ್ಯಾಂಡ್ಸಿಗಿಂತ ದೊಡ್ಡ ಅಚ್ಚರಿ. (ಅಲ್ಲಿ ದುಡ್ಡಿದ್ದವರು ಹಿಡಿಯುವ ಬೇರೆ ದಾರಿಗಳ ಕಥೆಯೂ ಇದೆ ಬಿಡಿ. ಅದು ಚುನಾವಣಾ ನಿಧಿಯ ಪುರಾಣ.)

ವಾಷಿಂಗ್ಟನ್ನಿನಲ್ಲಿ ಚಳಿಯೇ ಇರಲಿಲ್ಲ. ಶೂನ್ಯಕ್ಕಿಂತ ಮೇಲಿದ್ದರೆ ಚಳಿಯಲ್ಲ ಎಂಬ ಮಟ್ಟಕ್ಕೆ ನಾನೂ ಬಂದಿದ್ದೆ. ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಮಾಂಟಾನ, ನಾರ್ತ್ ಡಕೋಟ, ವಿಸ್ಕಾನ್ಸಿನ್, ನವಾಹೊ ಕಡೆಯಿಂದ ಬಂದವರೆಲ್ಲ ಸೇರಿದ್ದರು. 1973ರಲ್ಲಿ ಆರು ಕಾಲೇಜುಗಳು ಕೂಡಿ ಕಟ್ಟಿಕೊಂಡ ಒಕ್ಕೂಟವಿದು. ಆ ವರ್ಷವನ್ನು ಉಂಚಿ ಬೇರೆ ರೀತಿ ನೆನೆದರು. ಅದರ ಹಿಂದಿನ ನವೆಂಬರಿನಲ್ಲಿ ಬುಡಕಟ್ಟು ಚಳವಳಿಯವರು ಇದೇ ವಾಷಿಂಗ್ಟನ್ನಿನಲ್ಲಿ ಇಂಡಿಯನ್ ವ್ಯವಹಾರಗಳ ಇಲಾಖೆಯ ಕಟ್ಟಡಕ್ಕೆ ನುಗ್ಗಿ ಕೂತಿದ್ದರು. 1973ರ ಫೆಬ್ರುವರಿಯಿಂದ ವೂಂಡೆಡ್ ನೀ ಹಳ್ಳಿಯನ್ನು 71 ದಿನ ಹಿಡಿದಿಟ್ಟುಕೊಂಡರು. ಉಂಚಿಗೆ ಆಗ ಹದಿನೇಳು. ‘ನನ್ನಣ್ಣ ಬಂದೂಕು ಹಿಡಿದು ಆ ಕಡೆ ಹೋದ. ನಮ್ಮ ಮಾವ ಫೈಲು ಹಿಡಿದು ಈ ಕಡೆ ಬಂದ. ಮನೆಯಲ್ಲಿ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು’ ಎಂದು ನಕ್ಕರು. ಯಾರು ಸರಿ ಎಂದು ನಾನು ಕೇಳಿದೆ. ‘ಬಂದೂಕಿನವರು ಹೊರಗೆ ಇದ್ದಿದ್ದಕ್ಕೇ ಫೈಲಿನವರನ್ನ ಒಳಗೆ ಬಿಟ್ಟರು’ ಎಂದರು.

ಮಾಂಟಾನದ ಸೇಲಿಶ್ ಕೂಟ್ನೈ ಕಾಲೇಜಿನವರ ಮಾತು ಆ ಸಭಾಂಗಣದಲ್ಲಿ ಸುಲಭಕ್ಕೆ ಮರೆಯುವಂಥದಲ್ಲ. ಅವರ ವಿದ್ಯಾರ್ಥಿಗಳು ಕಟ್ಟಿದ ‘ಬೈಸನ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹ 2015ರಲ್ಲಿ ಕಕ್ಷೆ ಸೇರಿದೆ. ಆಕಾಶಕ್ಕೆ ಕಾಡೆಮ್ಮೆ ಕಳಿಸಿದವರು ನಾವು ಎಂದು ಒಂದೇ ವಾಕ್ಯದಲ್ಲಿ ಮಾತು ಶುರು ಮಾಡಬಲ್ಲ ಅದೃಷ್ಟವಂತರು. ನಮ್ಮ ಹುಡುಗ ಹೊಟ್ಟೆಕಿಚ್ಚಿನಿಂದ ನೋಡಿದ: ಅವನ ಕಾಡೆಮ್ಮೆಗಳು ನೆಲದ ಮೇಲಿನವು.

ಇನ್ನೊಂದು ಸಂಗತಿ ಆಮೇಲೆ ತಿಳಿದದ್ದು. ಅಮೆರಿಕದ ದೊಡ್ಡ ಕೃಷಿ ವಿಶ್ವವಿದ್ಯಾಲಯಗಳಿಗೆ 1862ರ ಮಾರಿಲ್ ಕಾನೂನು ಜಮೀನು ಕೊಟ್ಟು ಮೂಲಧನ ಒದಗಿಸಿತ್ತು. ಆ ಜಮೀನು ಎಲ್ಲಿಂದ ಬಂತು? ಸುಮಾರು 250 ಬುಡಕಟ್ಟುಗಳಿಂದ ಪಡೆದ ಒಂದು ಕೋಟಿ ಏಳು ಲಕ್ಷ ಎಕರೆ. ಅದೇ ‘ಭೂದತ್ತಿ ಕಾಲೇಜು’ ಎಂಬ ಮಾನ್ಯತೆ ಬುಡಕಟ್ಟು ಕಾಲೇಜುಗಳಿಗೆ ಸಿಕ್ಕಿದ್ದು 1994ರಲ್ಲಿ, 132 ವರ್ಷ ತಡವಾಗಿ. ಆ ಹೊತ್ತಿಗೆ ದತ್ತಿ ಕೊಡಲು ಭೂಮಿ ಉಳಿದಿರಲಿಲ್ಲ. ಸ್ವಲ್ಪ ಹಣ ಇಟ್ಟು ಅದರ ಬಡ್ಡಿ ಕೊಟ್ಟರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಗುಡ್ಡ ಹತ್ತಿದೆವು. ತರಬೇತಿಯ ಅತ್ಯಂತ ಉಪಯುಕ್ತ ಪಾಠ ಶೂ ಬಗ್ಗೆ ಇತ್ತು ಎಂದು ಮಧ್ಯಾಹ್ನದ ಹೊತ್ತಿಗೆ ಒಪ್ಪಿಕೊಂಡೆ. ಕೆಳಮನೆಯ ಕಚೇರಿಗಳಿಗೆ ಕ್ಯಾನನ್, ಲಾಂಗ್‌ವರ್ತ್, ರೇಬರ್ನ್ ಎಂಬ ಮೂರು ದೈತ್ಯ ಕಟ್ಟಡ ಒಂದು ಕಡೆ. ಮೇಲ್ಮನೆಗೆ ರಸೆಲ್, ಡರ್ಕ್‌ಸನ್, ಹಾರ್ಟ್ ಎಂಬ ಮೂರು ಇನ್ನೊಂದು ಕಡೆ. ನೆಲದಡಿಯಲ್ಲಿ ಇವನ್ನೆಲ್ಲ ಕ್ಯಾಪಿಟಲ್‌ಗೆ ಕೂಡಿಸುವ ಸುರಂಗಗಳು, ಸುರಂಗದಲ್ಲಿ ಆಟಿಕೆಯಂಥ ರೈಲು. ಅಮೃತಶಿಲೆಯ ಓಣಿಗಳಲ್ಲಿ ಪ್ರತಿ ಬಾಗಿಲಿನ ಪಕ್ಕ ಆಯಾ ರಾಜ್ಯದ ಬಾವುಟ. ಗೋಡೆಯ ಗಡಿಯಾರದ ಸುತ್ತ ಪುಟ್ಟ ದೀಪಗಳು. ಮತದಾನವಿದ್ದರೆ ದೀಪ ಬೆಳಗಿ ಗಂಟೆ ಕಿರುಚುತ್ತದೆ, ಕೋಟು ಹಾಕಿದವರೆಲ್ಲ ಓಡುತ್ತಾರೆ. ಓಣಿಯ ತುಂಬ ನಮ್ಮಂಥವೇ ಗುಂಪುಗಳು. ಜೇನು ಸಾಕುವವರು, ಹಲ್ಲಿನ ಡಾಕ್ಟರು, ಗಾಲಿಕುರ್ಚಿಯ ಮಾಜಿ ಸೈನಿಕರು. ಎಲ್ಲರ ಕೈಯಲ್ಲೂ ಒಂದೊಂದು ಫೈಲು, ಎಲ್ಲರ ತುಟಿಯೂ ಸಣ್ಣಗೆ ಅಲುಗುತ್ತಿದೆ. ಪರೀಕ್ಷಾ ಹಾಲಿನ ಹೊರಗೆ ನಿಂತ ಮಕ್ಕಳನ್ನು ಮೂವತ್ತೈದು ವರ್ಷ ಕಂಡವನಿಗೆ ಈ ದೃಶ್ಯ ಹೊಸದಲ್ಲ.

ಭದ್ರತೆಯ ದ್ವಾರದಲ್ಲಿ ಉಂಚಿಯ ಬೆಳ್ಳಿ ಸೊಂಟಪಟ್ಟಿ ಮೂರು ಸಲ ಕೂಗಿತು. ರಿಬ್ಬನ್ ಹೊಲಿದ ಲಂಗ, ಮಣಿಯ ಪದಕ ತೊಟ್ಟಿದ್ದ ಹುಡುಗಿಯನ್ನು ಕಂಡು ಪ್ರವಾಸಿಯೊಬ್ಬ ಫೋಟೊ ಕೇಳಿದ. ‘ಇಲ್ಲ, ನನಗೆ ಒಂಬತ್ತೂವರೆಗೆ ಮೀಟಿಂಗ್ ಇದೆ’ ಎಂದಳು. ಕಣ್ಣಲ್ಲಿ ಕಣ್ಣಿಟ್ಟು.

ಒಂಬತ್ತೂವರೆಯ ಭೇಟಿ ಓಣಿಯಲ್ಲೇ ನಡೆಯಿತು. ಕಚೇರಿಯ ಒಳಗೆ ಜಾಗವಿರಲಿಲ್ಲ. ಸಹಾಯಕ ನಿಜಕ್ಕೂ ಇಪ್ಪತ್ತೈದರ ಹುಡುಗ, ಸೌಜನ್ಯಸ್ಥ, ಕೈಯಲ್ಲಿ ಫೋನು ತಾಲೀಮಿನಲ್ಲಿದ್ದ ಹಾಗೇ. ನಮ್ಮ ಹುಡುಗಿ ಅಜ್ಜಿಯ ಹೆಸರು ಹೇಳಿದಳು, ಹೊಳೆಯ ಹೆಸರು ಹೇಳಿದಳು. ಆ ಅಜ್ಜಿಯನ್ನು ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಅರವತ್ತು ಮೈಲಿ ಕರೆದೊಯ್ಯುವುದನ್ನು ಹೇಳಿದಳು. ತಾನು ನರ್ಸ್ ಆಗುವುದು ಊರು ಬಿಡಲಿಕ್ಕಲ್ಲ, ಊರಲ್ಲಿರಲಿಕ್ಕೆ ಎಂದಳು. ನಾಲ್ಕನೇ ವಾಕ್ಯಕ್ಕೆ ಅಂಕಿ ಬಂತು: ಕಾನೂನಿನಲ್ಲಿ ಬರೆದ ತಲೆಗೆ 8,000 ಡಾಲರು, ಪೂರ್ತಿ. ನನ್ನ ಶಿಷ್ಯ ನನ್ನ ಮೊಣಕೈ ಹಿಂಡಿದ.

ಬ್ಲ್ಯಾಕ್ ಹಿಲ್ಸ್ ಹಣದ ಪ್ರಶ್ನೆ ಬರಲೇ ಇಲ್ಲ. ಆ ಯುವಕ ಕೇಳಿದ್ದು ಬೇರೆಯೇ: ‘ನೇಟಿವ್ ಅಮೆರಿಕನ್ನರಿಗೆ ಕಾಲೇಜು ಹೇಗೂ ಉಚಿತ ಅಲ್ವಾ?’

ಬಹಳ ಅಮೆರಿಕನ್ನರು ಹೀಗೆ ನಂಬಿದ್ದಾರಂತೆ. ಅದು ಸುಳ್ಳು. ಹೆಚ್ಚಿನ ಕಡೆ ಶುಲ್ಕ ಕಟ್ಟಬೇಕು, ಸಹಾಯಧನಕ್ಕೆ ಅರ್ಜಿ ಹಾಕಿ ಕಾಯಬೇಕು, ಉಳಿದವರ ಹಾಗೆಯೇ. ಹುಡುಗಿ ಬಾಯಿ ತೆರೆಯುವ ಮೊದಲೇ ಉಂಚಿ ಅವಳ ಕೈ ಮೇಲೆ ಕೈಯಿಟ್ಟರು. ಏನೂ ಹೇಳಲಿಲ್ಲ. ಯುವಕನನ್ನೇ ನೋಡಿದರು. ಸಿಟ್ಟಿನಿಂದಲ್ಲ, ಮೊಮ್ಮಗ ಸಗಣಿ ಮೆಟ್ಟಿ ಮನೆಯೊಳಗೆ ಬಂದಾಗ ಅಜ್ಜಿ ನೋಡುವ ಹಾಗೆ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಮೌನ ಇಲ್ಲಿ ನಡೆಯುವುದಿಲ್ಲ ಎಂದು ಎರಡು ದಿನ ಪಾಠ ಹೇಳಿದ್ದ ತರಬೇತುಗಾರ್ತಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ‘ಅಂದ್ರೆ... ಅಲ್ವಾ?’ ಎಂದ ಯುವಕ. ಫೋನು ಜೇಬಿಗೆ ಹೋಯಿತು, ಪೆನ್ನು ಹೊರಗೆ ಬಂತು. ‘ಸರಿಯಾಗಿ ಹೇಳಿ, ಬರ್ಕೋತೀನಿ.’

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದದಿಂದ ಬೇಡುವುದೂ ಆಗುತ್ತದೆ, ಆಲಿಸುವುದೂ ಆಗುತ್ತದೆ. ಇಂಗ್ಲಿಷಿನವರಿಗೆ ಎರಡಕ್ಕೂ ಬೇರೆ ಬೇರೆ ಮಾತು. ಊಟದ ಹೊತ್ತಿಗೆ ಇದನ್ನು ಉಂಚಿಗೆ ಹೇಳಿದೆ. ಮೂರು ಸಲ ಹೇಳಿಸಿ ತಾವೂ ಅಂದು ನೋಡಿದರು. ‘ಕೇಳು’ ಅವರ ಬಾಯಲ್ಲಿ ‘ಕೇಲು’ ಆಯಿತು.

ಊಟ ಮಾಡಿದ್ದು ಮೇಲ್ಮನೆಯ ಕಡೆಯ ಕ್ಯಾಂಟೀನಿನಲ್ಲಿ. ಅಲ್ಲಿ ನೂರಕ್ಕೂ ಹೆಚ್ಚು ವರ್ಷದಿಂದ ದಿನವೂ ಮಾಡುವ ಬಿಳಿ ಅವರೆಯಂಥ ಕಾಳಿನ ಸೂಪು ಪ್ರಸಿದ್ಧ. ಸರ್ಕಾರಗಳು ಬದಲಾದರೂ ಸೂಪು ಬದಲಾಗಿಲ್ಲ. ಅದಕ್ಕೆ ಹಂದಿಯ ಮೂಳೆ ಹಾಕುತ್ತಾರೆಂದು ತಿಳಿದು ನಾನು ಆವಿ ಮಾತ್ರ ಸವಿದೆ. ಆ ದಿನ ಒಟ್ಟು ಏಳು ಭೇಟಿ. ಒಂದರಲ್ಲಿ ಸಂಸದರೇ ಬಾಗಿಲಿಂದ ಇಣುಕಿ ನಲವತ್ತು ಸೆಕೆಂಡು ಕೈ ಕುಲುಕಿದರು, ಗಂಟೆ ಹೊಡೆಯಿತು, ಓಡಿದರು. ಎರಡರಲ್ಲಿ ಏನೂ ಆಗಲಿಲ್ಲ. ಉಳಿದವು ನೆನಪಿಲ್ಲ, ಕಾಲು ನೋಯುತ್ತಿತ್ತು.

ನಡುವೆ ಬಿಡುವು ಸಿಕ್ಕಾಗ ಕ್ಯಾಪಿಟಲ್ಲಿನ ಪ್ರತಿಮೆಗಳ ಹಜಾರಕ್ಕೆ ಹೋದೆವು. ಪ್ರತಿ ರಾಜ್ಯವೂ ತನ್ನ ಇಬ್ಬರ ಪ್ರತಿಮೆ ಕಳಿಸಬಹುದು. ನೆಬ್ರಾಸ್ಕ ಐದು ತಿಂಗಳ ಹಿಂದಷ್ಟೇ ಪೊಂಕ ಬುಡಕಟ್ಟಿನ ಸ್ಟ್ಯಾಂಡಿಂಗ್ ಬೇರ್‌ನದನ್ನು ಇಟ್ಟಿತ್ತು. ಸತ್ತ ಮಗನನ್ನು ಹುಟ್ಟೂರಿನಲ್ಲಿ ಮಣ್ಣು ಮಾಡಲು ಹೊರಟು ಸೆರೆಯಾಗಿ, ಬುಡಕಟ್ಟಿನವನೂ ಕಾನೂನಿನ ಕಣ್ಣಲ್ಲಿ ‘ವ್ಯಕ್ತಿ’ಯೇ ಎಂದು 1879ರಲ್ಲಿ ನ್ಯಾಯಾಲಯದಿಂದ ಹೇಳಿಸಿದವನು. ಕಂಚಿನ ಕೈ ಮುಂದಕ್ಕೆ ಚಾಚಿದೆ. ಹುಡುಗ ಬಹಳ ಹೊತ್ತು ಆ ಕೈಯನ್ನೇ ನೋಡುತ್ತಿದ್ದ.

ಕೊನೆಯ ಬೆಳಿಗ್ಗೆ ಉಂಚಿ ಒಂದು ಜಾಗಕ್ಕೆ ಹೋಗಬೇಕು ಎಂದರು. ಗುಡ್ಡದಿಂದ ಪೂರ್ವಕ್ಕೆ ಸ್ವಲ್ಪ ದೂರ, ನದಿಯ ಬಳಿ, ಕಾಂಗ್ರೆಷನಲ್ ಸೆಮಿಟರಿ. ಹತ್ತೊಂಬತ್ತನೇ ಶತಮಾನದಲ್ಲಿ ಮಾತುಕತೆಗೆಂದು ಈ ಊರಿಗೆ ಬಂದು ಮರಳಿ ಹೋಗದ ಹಲವು ಬುಡಕಟ್ಟು ಪ್ರತಿನಿಧಿಗಳು ಅಲ್ಲಿ ಮಲಗಿದ್ದಾರೆ. ಚಾಕ್ಟಾ ನಾಯಕ ಪುಷ್ಮತಾಹ, 1824ರಲ್ಲಿ ತನ್ನ ಜನರ ನೆಲದ ಮಾತಾಡಲು ಬಂದು ಡಿಸೆಂಬರಿನಲ್ಲಿ ತೀರಿಕೊಂಡವನು. ಸೈನಿಕ ಗೌರವದೊಡನೆ ಮಣ್ಣು ಮಾಡಿದರು. ಅಪಾಚೆ ನಾಯಕ ಕೊಚೀಸನ ಮಗ ಟಾಜಾ, 1876ರಲ್ಲಿ ಬಂದು ನ್ಯುಮೋನಿಯಾದಿಂದ ತೀರಿಕೊಂಡ. ಉಂಚಿ ಚೀಲದಿಂದ ಚಿಟಿಕೆ ತಂಬಾಕು ತೆಗೆದು ಒಂದೊಂದು ಕಲ್ಲಿನ ಬುಡದಲ್ಲಿ ಹಾಕಿದರು. ‘ಇವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ’ ಎಂದ ನನ್ನ ಶಿಷ್ಯ. ‘ಕೊಟ್ಟಿರಲಿಲ್ಲ ಅಂತ ನಿನಗೆ ಹೇಗೆ ಗೊತ್ತು?’ ಎಂದರು ಉಂಚಿ. ಹುಡುಗಿ ಅಲ್ಲೇ ಬೆಂಚಿನ ಮೇಲೆ ಕೂತು ಓಣಿಯ ಯುವಕನಿಗೆ ಧನ್ಯವಾದದ ಇಮೇಲ್ ಬರೆಯುತ್ತಿದ್ದಳು. ಇಪ್ಪತ್ತನಾಲ್ಕು ಗಂಟೆಯೊಳಗೆ ಕಳಿಸಬೇಕು ಎಂಬುದೂ ಪಾಠದ ಭಾಗ.

ನಾನು ಊರಿಗೆ ಮರಳಿದ ಮೇಲೆ ಕೊರೊನಾ ಬಂತು, ಓಣಿಯ ಭೇಟಿಗಳು ಪರದೆಗೆ ಹೋದವು, ಮತ್ತೆ ಓಣಿಗೆ ಬಂದವು. 2025ರ ಜೂನಿನಲ್ಲಿ ಪತ್ರಿಕೆಯೊಂದರಲ್ಲಿ ಓದಿದೆ: ಬುಡಕಟ್ಟು ಉನ್ನತ ಶಿಕ್ಷಣಕ್ಕೆ ಇಂಡಿಯನ್ ಶಿಕ್ಷಣ ಇಲಾಖೆಯ ಮೂಲಕ ಕೊಡುವ 18 ಕೋಟಿ ಡಾಲರಿಗೂ ಮಿಕ್ಕ ಹಣವನ್ನು 2.2 ಕೋಟಿಗೆ ಇಳಿಸಬೇಕೆಂದು ಅಧ್ಯಕ್ಷರ ಕಡೆಯಿಂದ ಪ್ರಸ್ತಾವ ಹೋಗಿದೆ. ಸಂಸತ್ತು ಒಪ್ಪಬೇಕಿತ್ತು, ಅದಕ್ಕೆ ಮೊದಲು ತಿಂಗಳುಗಟ್ಟಲೆ ಹೊತ್ತಿತ್ತು. ಗಾಬರಿಯಾಗಿ ಶಿಷ್ಯನಿಗೆ ಫೋನು ಮಾಡಿದೆ. ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ ಪಿಸುಗುಟ್ಟಿದ:

‘ಮೇಷ್ಟ್ರೇ, ಆಮೇಲೆ ಮಾಡ್ತೀನಿ. ಟೈ ಕಟ್ಕೊಂಡು ಕೂತಿದೀನಿ. ಎದುರಿಗೆ ಆರು ಜನ ಹೊಸ ಹುಡುಗರಿದಾರೆ. ಫೋನ್ ನೋಡ್ತಿರೋ ಹಾಗೆ ನಟಿಸ್ಬೇಕು, ನೀವು ನಿಜವಾಗ್ಲೂ ಫೋನ್ ಮಾಡ್ಬಿಟ್ರಿ.’

ಹಿನ್ನೆಲೆಯಲ್ಲಿ ಯಾವುದೋ ಹುಡುಗ ತನ್ನ ಅಜ್ಜಿಯ ಅಜ್ಜಿಯ ಹೆಸರು ಹೇಳುತ್ತಿದ್ದ. ‘ಎರಡು ನಿಮಿಷ ಆಯ್ತು’ ಎಂದು ಅವನನ್ನು ತಡೆದ ದನಿ ನನಗೆ ಪರಿಚಯದ್ದು. ಅವಳೀಗ ಅಲ್ಲೇ ಆಸ್ಪತ್ರೆಯಲ್ಲಿ ನರ್ಸು, ರಜೆಯ ದಿನ ತಾಲೀಮಿಗೆ ಬರುತ್ತಾಳೆ ಎಂದು ಆಮೇಲೆ ತಿಳಿಯಿತು.